ಟಾರ್ಚ್ ಕೊಳ್ಳುವಾಗ ಮೊದಲು ಸೆಲ್ಲು, ಆಮೇಲೆ ಬೆಳಕು

ಎಲೆಕ್ಟ್ರಿಕಲ್ ಅಂಗಡಿಯ ಕೌಂಟರಿನಲ್ಲಿ ಟಾರ್ಚ್ ಕೇಳುವವರ ಮಾತು ಹೆಚ್ಚುಕಮ್ಮಿ ಒಂದೇ: "ಅಣ್ಣ, ದೂರ ಹೊಡೆಯೋ ಬ್ಯಾಟರಿ ಕೊಡಿ." ಆದರೆ ರಿಪೇರಿ ಟೇಬಲ್ಲಿಗೆ ವಾಪಸ್ ಬರುವ ಟಾರ್ಚುಗಳಲ್ಲಿ ಬೆಳಕು ದೂರ ಹೋಗಲಿಲ್ಲ ಎಂಬ ಕಾರಣಕ್ಕೆ ಬಂದದ್ದು ಅಪರೂಪ. ಚಾರ್ಜ್ ನಿಲ್ಲುತ್ತಿಲ್ಲ, ಸೆಲ್ಲು ಒಳಗೇ ಸೋರಿ ಕಚ್ಚಿಕೊಂಡಿದೆ, ಕರೆಂಟು ಹೋದ ರಾತ್ರಿಯೇ ಹತ್ತಲಿಲ್ಲ, ಬರುವ ದೂರೆಲ್ಲ ಇಂಥದ್ದೇ. ಆದ್ದರಿಂದ ಸಾವಿರ ರೂಪಾಯಿಯೊಳಗಿನ ಟಾರ್ಚ್ ಕೊಡುವಾಗ ಕೌಂಟರಿನಿಂದ ಮೊದಲು ಕೇಳಬೇಕಾದ ಪ್ರಶ್ನೆ: ದಿನಾ ಬಳಸ್ತೀರೋ, ಮೂರು ತಿಂಗಳಿಗೊಮ್ಮೆಯೋ? ಇದಕ್ಕೆ ಉತ್ತರ ಸಿಕ್ಕರೆ ಯಾವ ಜಾತಿಯ ಸೆಲ್ಲು ಬೇಕು ಅನ್ನುವುದು ತೀರ್ಮಾನವಾಯಿತು. ಬೆಳಕಿನ ಮಾತು ಅದರ ನಂತರ.

ಡಬ್ಬಿಯ ಮೇಲಿನ ಅಂಕಿ

5000 ಲುಮೆನ್, 50 ವ್ಯಾಟ್, 2 ಕಿಲೋಮೀಟರ್ ಎಂದೆಲ್ಲ ಬರೆದಿರುತ್ತದೆ. ಲುಮೆನ್ ಎಂದರೆ ಹೊರಬರುವ ಒಟ್ಟು ಬೆಳಕಿನ ಅಳತೆ. ಇದನ್ನು ಪರೀಕ್ಷಿಸಲು ಯಂತ್ರ ಬೇಡ, ಸಣ್ಣ ಗುಣಾಕಾರ ಸಾಕು. ಒಳಗಿರುವುದು 3.7 ವೋಲ್ಟಿನ 2000 ಎಂಎಎಚ್, ಅಂದರೆ 2 ಆಂಪಿಯರ್-ಅವರ್ ಸೆಲ್ಲು ಎಂದಿಟ್ಟುಕೊಳ್ಳಿ. 3.7 × 2 = 7.4 ವ್ಯಾಟ್-ಅವರ್. ನಿಜವಾಗಿಯೂ 50 ವ್ಯಾಟ್ ಎಳೆದರೆ ಆ ಸೆಲ್ಲು ಒಂಬತ್ತು ನಿಮಿಷಕ್ಕೆ ಖಾಲಿ. ಅದೇ ಡಬ್ಬಿಯ ಇನ್ನೊಂದು ಮಗ್ಗುಲಲ್ಲಿ "6 ಗಂಟೆ ಬ್ಯಾಕಪ್" ಎಂದಿದ್ದರೆ ಸರಾಸರಿ 1.2 ವ್ಯಾಟ್ ಮಾತ್ರ ಉರಿಯುತ್ತಿದೆ ಎಂದರ್ಥ. ಸಾಧಾರಣ ಎಲ್‌ಇಡಿ ವ್ಯಾಟಿಗೆ ನೂರರ ಆಸುಪಾಸು ಲುಮೆನ್ ಕೊಡುತ್ತದೆ. ಅಲ್ಲಿಗೆ ಕೈಗೆ ಬರುವುದು 100–120 ಲುಮೆನ್. ತೋಟದ ದಾರಿಗೆ ಅದು ಧಾರಾಳವಾಗಿ ಸಾಕು, ಆ ಮಾತು ಬೇರೆ.

ದೂರದ ಲೆಕ್ಕ ಇನ್ನೂ ಮಜವಾಗಿದೆ. ಟಾರ್ಚುಗಳಿಗೆಂದೇ ಇರುವ ಎಫ್‌ಎಲ್ 1 ಎಂಬ ಮಾನದಂಡದಲ್ಲಿ, ಬೆಳಕು 0.25 ಲಕ್ಸಿಗೆ ಇಳಿಯುವ ಜಾಗದವರೆಗಿನ ದೂರವೇ ರೇಂಜ್. 0.25 ಲಕ್ಸ್ ಎಂದರೆ ಹೆಚ್ಚುಕಮ್ಮಿ ಹುಣ್ಣಿಮೆಯ ಬೆಳದಿಂಗಳಷ್ಟು. ಕಿರಣದ ತೀವ್ರತೆ ಹೇಳುವ ಕ್ಯಾಂಡೆಲಾ ಅಂಕಿಯ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. 10,000 ಕ್ಯಾಂಡೆಲಾ ಇದ್ದರೆ 200 ಮೀಟರ್. 2 ಕಿಲೋಮೀಟರ್ ಮುಟ್ಟಲು ಹತ್ತು ಲಕ್ಷ ಕ್ಯಾಂಡೆಲಾ ಬೇಕು, ಸಾವಿರ ರೂಪಾಯಿಯೊಳಗಿನ ಅಂಗೈಯಗಲದ ಟಾರ್ಚಿನಲ್ಲಿ ಅದು ಆಗದ ಮಾತು. ಇಷ್ಟಕ್ಕೂ ಬೆಳದಿಂಗಳಲ್ಲಿ ಹಂದಿಯೋ ಬಂಡೆಯೋ ಗೊತ್ತಾಗುವುದಿಲ್ಲ. ಗುರುತು ಹಿಡಿಯಬೇಕಾದರೆ ಹೇಳಿದ ರೇಂಜಿನ ಅರ್ಧವೋ ಮೂರನೇ ಒಂದು ಪಾಲೋ ನಂಬಬಹುದು. ಬ್ಯಾಕಪ್ ಗಂಟೆಗೂ ಇಂಥದ್ದೇ ಒಂದು ಒಳಸುಳಿ ಇದೆ: ಆ ಮಾನದಂಡದಲ್ಲಿ ಬೆಳಕು ಶುರುವಿನ ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಸಮಯ ಎಣಿಸುತ್ತಾರೆ.

ಮೂರು ಜಾತಿಯ ಸೆಲ್ಲು

ಹಿಂಬದಿಯಲ್ಲಿ ಎರಡು ಪಿನ್ ಹೊರಬರುವ, ನೇರ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಪ್ಲಾಸ್ಟಿಕ್ ಟಾರ್ಚುಗಳಲ್ಲಿ ಹೆಚ್ಚಿನವುಗಳ ಒಳಗಿರುವುದು 4 ವೋಲ್ಟಿನ ಸೀಸದ ಬ್ಯಾಟರಿ. ಅಗ್ಗ, ಗಟ್ಟಿ, ಆದರೆ ಖಾಲಿ ಕೂರಿಸಿದರೆ ಸತ್ತಂತೆಯೇ. ಚಾರ್ಜ್ ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜಿಗೆ ಹಾಕಿದರೂ ಹತ್ತು ನಿಮಿಷಕ್ಕಿಂತ ಹೆಚ್ಚು ಉರಿಯುವುದಿಲ್ಲ. "ಬಳಸೇ ಇಲ್ಲ, ಹೊಸದಾಗೇ ಇದೆ, ಆದ್ರೂ ಕೆಟ್ಟಿದೆ" ಎನ್ನುವವರ ಟಾರ್ಚು ಕೆಟ್ಟದ್ದು ಬಳಸದೆ ಇಟ್ಟಿದ್ದಕ್ಕೇ. ಎರಡು ತಿಂಗಳಿಗೊಮ್ಮೆ ತಪ್ಪದೆ ಚಾರ್ಜ್ ಮಾಡುವವರಿಗೆ ಮಾತ್ರ ಇದನ್ನು ಕೊಡಬೇಕು. ದಿನಾ ರಾತ್ರಿ ಬಳಸಿ ದಿನಾ ಬೆಳಗ್ಗೆ ಚಾರ್ಜಿಗೆ ಹಾಕುವ ವಾಚ್‌ಮನ್‌ಗೆ ಇದೇ ಒಳ್ಳೆಯ ಆಯ್ಕೆ, ಪೂರ್ತಿ ಮಂಕಾಗುವವರೆಗೆ ಎಳೆಯದಿದ್ದರೆ ಸಾಕು.

ಈ ಪಿನ್ನಿನ ಟಾರ್ಚುಗಳ ಬಗ್ಗೆ ಒಂದು ಎಚ್ಚರಿಕೆ. ಅಗ್ಗದ ಮಾದರಿಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮೂಲಕ 230 ವೋಲ್ಟನ್ನು ನೇರವಾಗಿ ಇಳಿಸಿರುತ್ತಾರೆ. ಅಂದರೆ ಚಾರ್ಜಿಗೆ ಹಾಕಿರುವಾಗ ಒಳಗಿನ ಪ್ರತಿ ತಂತಿಯೂ ಮೇನ್ಸಿಗೆ ಸೇರಿದ್ದೇ. ಚಾರ್ಜಾಗುವಾಗ ಬಿಚ್ಚಬಾರದು, ಆ ಸ್ಥಿತಿಯಲ್ಲೇ ಹಚ್ಚಿ ಹಿಡಿಯಲೂಬಾರದು. ಮಳೆಯಲ್ಲಿ ನೆನೆದು ಬಂದದ್ದನ್ನು ಪೂರ್ತಿ ಒಣಗಿಸದೆ ಸಾಕೆಟ್ಟಿಗೆ ಚುಚ್ಚಬಾರದು.

ಡ್ರೈ ಸೆಲ್ಲಿನ ಗುಣ ಇದಕ್ಕೆ ತದ್ವಿರುದ್ಧ. ಅಪರೂಪಕ್ಕೆ ಬಳಸುವವರಿಗೆ ಹೇಳಿ ಮಾಡಿಸಿದ್ದು, ದಿನಾ ಬಳಸಿದರೆ ಜೇಬು ಖಾಲಿ. ರಿಮೋಟಿಗೆ ಹಾಕುವ ಸಣ್ಣ ಸೆಲ್ಲು (AAA) ಮೂರು ಹಾಕುವ ಟಾರ್ಚುಗಳಂತೂ ಕೊಳ್ಳುವಾಗ ಅಗ್ಗ, ಓಡಿಸುವಾಗ ದುಬಾರಿ. ಪೆನ್ಸಿಲ್ ಸೆಲ್ಲಿನವು (AA) ವಾಸಿ. ಇವುಗಳ ರೋಗ ಸೋರಿಕೆ. ಹಳೆಯದೊಂದು ಹೊಸದೊಂದು ಸೇರಿಸಿ ಹಾಕಿದರೆ ಸೋತ ಸೆಲ್ಲು ಮೊದಲು ಬರಿದಾಗುತ್ತದೆ, ಉಳಿದದ್ದು ಅದರೊಳಗೆ ಉಲ್ಟಾ ಕರೆಂಟು ತಳ್ಳುತ್ತದೆ, ಅದು ಸೋರುತ್ತದೆ. ಬದಲಿಸುವಾಗ ಪೂರ್ತಿ ಸೆಟ್ ಬದಲಿಸಿ, ಒಂದೇ ಕಂಪನಿಯದ್ದು ಹಾಕಿ. ಸೋರಿದ ಮೇಲೆ ತೊಳೆಯುವ ಬಗೆ ಸೆಲ್ಲಿನ ಮೇಲೆ ನಿಂತಿದೆ. ಆಲ್ಕಲೈನ್ ಸೆಲ್ಲಿನಿಂದ ಬರುವುದು ಕ್ಷಾರ, ಅದಕ್ಕೆ ನಿಂಬೆರಸವೋ ವಿನೆಗರೋ ಅದ್ದಿದ ಹತ್ತಿ. ಮಾಮೂಲಿ ಕಾರ್ಬನ್-ಜಿಂಕ್ ಸೆಲ್ಲಿನದು ಆಮ್ಲ, ಅದಕ್ಕೆ ನೀರಿನಲ್ಲಿ ಕದಡಿದ ಅಡುಗೆ ಸೋಡಾ. ಸ್ಪ್ರಿಂಗಿನ ಮೇಲಿನ ಹಸಿರು ಕಿಲುಬನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ, ಒಣಗಿಸಿ, ಆಮೇಲೆ ಹೊಸ ಸೆಲ್ಲು.

ಲಿಥಿಯಂನಲ್ಲಿ ಹೆಚ್ಚು ಸಿಗುವುದು 18650, ಅಂದರೆ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ದಿನಬಳಕೆಗೆ ಇದಕ್ಕೆ ಸಾಟಿಯಿಲ್ಲ, ಸೆಲ್ಲನ್ನು ಹೊರತೆಗೆಯಬಹುದಾದ ಟಾರ್ಚ್ ಇನ್ನೂ ಉತ್ತಮ. ಆದರೆ ಮೋಸ ಜಾಸ್ತಿ ಇರುವುದೂ ಇಲ್ಲೇ. ಒಳ್ಳೆಯ 18650 ಸೆಲ್ಲು 3500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. 6800, 9900 ಎಂದು ಬರೆದದ್ದು ಹೊದಿಕೆಯ ಮೇಲಿನ ಬರಹ ಅಷ್ಟೇ. ತಕ್ಕಡಿಯಲ್ಲಿಟ್ಟು ನೋಡಿ: ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ, 30 ಗ್ರಾಂ ತೂಗಿದರೆ ಒಳಗೆ ಅರ್ಧ ಖಾಲಿ ಎಂದೇ ಲೆಕ್ಕ. ಐಎಸ್ 16046 ಎಂಬ ಬಿಐಎಸ್ ನೋಂದಣಿ ಗುರುತು ಇದೆಯೇ ಎಂಬುದನ್ನೂ ನೋಡಿ. ಇನ್ನೊಂದು ಅಪಾಯ 14500 ಎಂಬ ಲಿಥಿಯಂ ಸೆಲ್ಲು. ನೋಡಲು ಪೆನ್ಸಿಲ್ ಸೆಲ್ಲಿನ ಅವಳಿ, ಆದರೆ ತುಂಬಿದಾಗ 4.2 ವೋಲ್ಟ್. 1.5 ವೋಲ್ಟಿನ ಟಾರ್ಚಿಗೆ ಇದನ್ನು ತುರುಕಿದರೆ ಒಂದು ಕ್ಷಣ ಝಗಮಗ, ಆಮೇಲೆ ಎಲ್‌ಇಡಿ ಶಾಶ್ವತವಾಗಿ ಕತ್ತಲು.

ಯಾರಿಗೆ ಯಾವುದು

ಕರೆಂಟು ಹೋದಾಗ ಮನೆಗೆ: 30–50 ಲುಮೆನ್ ಸಾಕು. ಬಾಲದ ಮೇಲೆ ನೆಟ್ಟಗೆ ನಿಲ್ಲುವ ಟಾರ್ಚ್ ತಗೊಳ್ಳಿ, ಬೆಳಕು ಸೂರಿಗೆ ಬಡಿದು ಕೋಣೆಯೆಲ್ಲ ಹರಡುತ್ತದೆ. ಯುಪಿಎಸ್ ಇರುವ ಮನೆಯಲ್ಲಿ ಇದಕ್ಕೆ ಕೆಲಸ ವರ್ಷಕ್ಕೆ ನಾಲ್ಕು ಸಲವೋ ಐದು ಸಲವೋ. ಆದ್ದರಿಂದ ಪೆನ್ಸಿಲ್ ಸೆಲ್ಲಿನ 150–250 ರೂಪಾಯಿಯದ್ದೇ ಸಾಕು, ಆಲ್ಕಲೈನ್ ಸೆಲ್ಲು ಹಾಕಿ, ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಒಂದು ಪ್ಲಾಸ್ಟಿಕ್ ಚೂರು ಸಿಕ್ಕಿಸಿಡಿ. ತುದಿ ಹೊರಗೆ ಇಣುಕುವಂತೆ ಬಿಟ್ಟರೆ ಎಳೆದ ತಕ್ಷಣ ರೆಡಿ. ವಯಸ್ಸಾದವರಿದ್ದರೆ ಜಾರುವ ಸ್ವಿಚ್ಚಿನ, ಒಂದೇ ಬೆಳಕಿನ ಟಾರ್ಚೇ ಇರಲಿ. ಒತ್ತಿದಂತೆಲ್ಲ ಕಮ್ಮಿ, ಜಾಸ್ತಿ, ಮಿಣಕು ಎಂದು ಬದಲಾಗುವುದು ನಡುರಾತ್ರಿ ಬಚ್ಚಲಿಗೆ ಹೋಗುವವರಿಗೆ ಕಾಟ.

ಗದ್ದೆ, ತೋಟ, ಪಂಪ್‌ಸೆಟ್: ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ತ್ರೀ ಫೇಸ್ ರಾತ್ರಿ ಕೊಡುವ ಕಡೆ ಬದುವಿನ ಮೇಲೆ ನಡೆದು ಸ್ಟಾರ್ಟರ್ ಡಬ್ಬಿಯವರೆಗೆ ಹೋಗಬೇಕು, ಗೇಟ್‌ವಾಲ್ವ್ ತಿರುಗಿಸಲು ಎರಡೂ ಕೈ ಬೇಕು. ಹಾಗಾಗಿ ತಲೆಗೆ ಕಟ್ಟುವ ಲೈಟು ಬೇಕೇ ಬೇಕು. ಆದರೆ ನಡೆಯುವಾಗ ಅದೊಂದನ್ನೇ ನಂಬಬೇಡಿ. ಹಣೆಯ ಲೈಟು ಕಣ್ಣಿನ ನೇರದಲ್ಲೇ ಇರುವುದರಿಂದ ನೆಲದ ಮೇಲಿನ ವಸ್ತುವಿನ ನೆರಳು ಅದರ ಹಿಂದೆಯೇ ಅಡಗುತ್ತದೆ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಟಾರ್ಚನ್ನು ಸೊಂಟದ ಎತ್ತರದಲ್ಲಿ ಹಿಡಿದು ಓರೆಯಾಗಿ ಬಿಟ್ಟರೆ ಪ್ರತಿ ಕಲ್ಲಿಗೂ ಕಡ್ಡಿಗೂ ಪಕ್ಕದಲ್ಲಿ ನೆರಳು ಬೀಳುತ್ತದೆ. ತರಗೆಲೆಯ ನಡುವೆ ಸುತ್ತಿಕೊಂಡ ಕೊಳಕುಮಂಡಲ ಕಣ್ಣಿಗೆ ಬೀಳುವುದು ಆ ನೆರಳಿನಿಂದಲೇ. ಬೆಳಕಿನ ಬಣ್ಣವೂ ಮುಖ್ಯ: ನೀಲಿ ಛಾಯೆಯ ಬಿಳಿಗಿಂತ ತುಸು ಹಳದಿ ಇರುವುದರಲ್ಲಿ ಕಂದು ಎಲೆಯೂ ಕಂದು ಹಾವೂ ಬೇರೆಬೇರೆಯಾಗಿ ಕಾಣುತ್ತವೆ. ಕೈಗೆ 18650ರ ಅಲ್ಯೂಮಿನಿಯಂ ಟಾರ್ಚ್, 150–300 ಲುಮೆನ್, ನೀರಿನ ರಕ್ಷಣೆ ಕನಿಷ್ಠ ಐಪಿಎಕ್ಸ್4. ಐಪಿಎಕ್ಸ್4 ಎಂದರೆ ಮಳೆ ಹನಿ ತಡೆಯುತ್ತದೆ ಅಷ್ಟೇ, ಕಾಲುವೆಗೆ ಬಿದ್ದರೆ ಉಳಿಯಬೇಕಾದರೆ ಐಪಿಎಕ್ಸ್7 ಬೇಕು. ಮುಂಭಾಗ ಎಳೆದು ಜೂಮ್ ಮಾಡುವ ಟಾರ್ಚ್ ಮಳೆನಾಡಿಗೆ ಆಗಿಬರುವುದಿಲ್ಲ. ಎಳೆದಾಗಲೆಲ್ಲ ಒಳಗೆ ಗಾಳಿ ಹೋಗುತ್ತದೆ, ಜೊತೆಗೆ ತೇವವೂ.

ಬೆಳೆ ಕಾಯುವವರಿಗೆ ಮಾತ್ರ ದೂರದ ಬೆಳಕು ನಿಜವಾಗಿ ಬೇಕು. ಅಲ್ಲಿ ಲುಮೆನ್ ನೋಡಬೇಡಿ, ರಿಫ್ಲೆಕ್ಟರಿನ ಅಗಲ ಮತ್ತು ಆಳ ನೋಡಿ. ಒಂದೇ ಎಲ್‌ಇಡಿ, ದೊಡ್ಡ ಬಟ್ಟಲು, ಅದು ದೂರ ಹೊಡೆಯುತ್ತದೆ. ಒಂದೇ ತಲೆಯಲ್ಲಿ ಹತ್ತು ಎಲ್‌ಇಡಿ ತುಂಬಿದ್ದು ಹತ್ತಿರದಲ್ಲೇ ಹರಡಿಹೋಗುತ್ತದೆ. ಆನೆ ಬರುವ ಕಡೆ ಈ ಟಾರ್ಚು ಅದನ್ನು ಅಟ್ಟುವುದಕ್ಕಲ್ಲ, ಇದೆ ಎಂದು ದೂರದಿಂದಲೇ ತಿಳಿದು ಹಿಂದೆ ಸರಿಯುವುದಕ್ಕೆ.

ವೈರಿಂಗ್ ಮಾಡುವವರು ಲುಮೆನ್ ಬದಲು ಸಿಆರ್‌ಐ ಕೇಳಿ, ಅಂದರೆ ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಎಂಬ ಅಂಕಿ, 90ರ ಮೇಲಿದ್ದರೆ ಒಳ್ಳೆಯದು. ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಅಗ್ಗದ ನೀಲಿ-ಬಿಳಿ ಬೆಳಕಿನಲ್ಲಿ, ಧೂಳು ಹಿಡಿದ ಹಳೆ ಬೋರ್ಡಿನೊಳಗೆ, ಕೆಂಪು ವೈರು ಕಂದಾಗಿ ಕಪ್ಪಿನ ಪಕ್ಕ ಗೊಂದಲ ಮಾಡುತ್ತದೆ. ಬೈಕಿನ ಡಿಕ್ಕಿಗೆ 200 ರೂಪಾಯಿಯ ತಲೆಲೈಟು ಸಾಕು, ಸೆಲ್ಲನ್ನು ಬೇರೆ ಕವರಿನಲ್ಲಿಡಿ. ಬಿಸಿಲಿಗೆ ನಿಲ್ಲುವ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಲಿಥಿಯಂ ಟಾರ್ಚ್ ಇಡಬೇಡಿ.

ದುಡ್ಡು ಕೊಡುವ ಮುಂಚೆ, ಕೆಟ್ಟ ಮೇಲೆ

ಅಂಗಡಿಯಲ್ಲೇ ಹತ್ತು ನಿಮಿಷ ಜೋರು ಬೆಳಕಿನಲ್ಲಿ ಉರಿಸಿ ಕತ್ತು ಮುಟ್ಟಿ ನೋಡಿ. ಲೋಹದ ಟಾರ್ಚ್ ಬೆಚ್ಚಗಾಗಬೇಕು, ಅಂದರೆ ಎಲ್‌ಇಡಿಯ ಕಾವು ಮೈಗೆ ಹರಿಯುತ್ತಿದೆ. ಝಗಮಗ ಉರಿದೂ ಕತ್ತು ತಣ್ಣಗೇ ಇದ್ದರೆ ಕಾವು ಒಳಗೇ ಉಳಿದು ಎಲ್‌ಇಡಿಯನ್ನು ಸುಡುತ್ತಿದೆ. ಕೆಲ ತಿಂಗಳಲ್ಲಿ ಬೆಳಕು ನೀಲಿಗೆ ತಿರುಗುತ್ತದೆ. ಅಲುಗಿಸಿ ನೋಡಿ, ಒಳಗೆ ಗಲಗಲ ಸದ್ದಾಗಬಾರದು. ಟೈಪ್-ಸಿ ಇದ್ದರೆ ಎರಡೂ ಕಡೆ ಸಿ ಇರುವ ಕೇಬಲ್‌ನಲ್ಲಿ ಚಾರ್ಜಾಗುತ್ತದೆಯೇ ಪರೀಕ್ಷಿಸಿ. ಎಷ್ಟೋ ಅಗ್ಗದ ಟಾರ್ಚುಗಳಲ್ಲಿ ಅದಕ್ಕೆ ಬೇಕಾದ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರುಗಳನ್ನೇ ಹಾಕಿರುವುದಿಲ್ಲ. ಹಳೇ ಚೌಕದ ಯುಎಸ್‌ಬಿ ಚಾರ್ಜರಿನಲ್ಲಿ ಚಾರ್ಜಾಗುತ್ತದೆ, ಹೊಸ ಫೋನ್ ಚಾರ್ಜರಿನಲ್ಲಿ ಆಗುವುದಿಲ್ಲ. ಗಿರಾಕಿ ಟಾರ್ಚ್ ಕೆಟ್ಟಿದೆ ಎಂದು ಹಿಡಿದು ಬರುತ್ತಾರೆ, ಕೇಬಲ್ ಬದಲಿಸಿದರೆ ಸರಿಹೋಗುತ್ತದೆ.

ಮಿಣಮಿಣ ಎನ್ನುವ ಲೋಹದ ಟಾರ್ಚಿಗೆ ಮೊದಲು ಹಿಂದಿನ ಮುಚ್ಚಳ ಬಿಚ್ಚಿ. ಮುಚ್ಚಳ ತಿರುಗಿಸುವ ಥ್ರೆಡ್ಡುಗಳನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮುಚ್ಚಳದೊಳಗೆ ಸ್ವಿಚ್ ಹಿಡಿದಿರುವ ಲೋಹದ ಬಳೆಯಲ್ಲಿ ಎರಡು ಕಚ್ಚು ಇರುತ್ತವೆ, ಅದು ಸಡಿಲವಾಗಿರುವುದೇ ಬಹುಪಾಲು ಸಲ ಕಾರಣ. ಚಿಮಟದ ಎರಡು ತುದಿ ಆ ಕಚ್ಚಿಗೆ ಕೊಟ್ಟು ಬಿಗಿ ಮಾಡಿ. ಆದರೂ ಹತ್ತದಿದ್ದರೆ, ಮುಚ್ಚಳ ತೆಗೆದೇ ಇಟ್ಟು ಸೆಲ್ಲಿನ ಹಿಂಬದಿ ಮೈನಸ್‌ಗೂ ಟಾರ್ಚಿನ ಮೈಯ ಬಣ್ಣವಿಲ್ಲದ ಅಂಚಿಗೂ ಚಿಮಟ ತಾಗಿಸಿ. ಬೆಳಕು ಬಂದರೆ ಸ್ವಿಚ್ ಕೆಟ್ಟಿದೆ, ಬರದಿದ್ದರೆ ಸೆಲ್ಲು ಅಥವಾ ಎಲ್‌ಇಡಿ. ಸೆಲ್ಲಿನ ಪ್ಲಸ್‌ಗೂ ಮೈನಸ್‌ಗೂ ಒಟ್ಟಿಗೆ ಯಾವ ಲೋಹವನ್ನೂ ತಾಗಿಸಬೇಡಿ.

ಸೀಸದ ಬ್ಯಾಟರಿಗೆ ಮಲ್ಟಿಮೀಟರ್ ಒಂದೇ ಸಾಕು. ಚಾರ್ಜ್ ಮಾಡಿ, ಪಿನ್ನನ್ನು ಸಾಕೆಟ್ಟಿನಿಂದ ತೆಗೆದು ಒಂದು ಗಂಟೆ ಬಿಟ್ಟು, ಆಮೇಲೆ ಬಿಚ್ಚಿ ಅಳೆಯಿರಿ. 4.2 ಅಥವಾ ಮೇಲಿದ್ದರೆ ಬ್ಯಾಟರಿ ಸರಿ, ದೋಷ ಬೇರೆಲ್ಲೋ ಇದೆ. 4ಕ್ಕಿಂತ ಕೆಳಗಿದ್ದರೆ ಬದಲಿಸಿ. 2ರ ಆಸುಪಾಸು ತೋರಿಸಿದರೆ ಒಳಗಿನ ಎರಡು ಕೋಶಗಳಲ್ಲಿ ಒಂದು ಪೂರ್ತಿ ಹೋಗಿದೆ. ಬದಲಿ ಬ್ಯಾಟರಿಯ ಬೆಲೆ ಟಾರ್ಚಿನ ಅರ್ಧ ಬೆಲೆ ದಾಟಿದರೆ ಹೊಸ ಟಾರ್ಚೇ ಲೇಸು.

ಉಬ್ಬಿದ ಲಿಥಿಯಂ ಸೆಲ್ಲನ್ನು ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಇ-ತ್ಯಾಜ್ಯ ಪಡೆಯುವವರಿಗೆ ಕೊಡಿ. ಸೀಸದ್ದು, ಲಿಥಿಯಂ, ಡ್ರೈ ಸೆಲ್ಲು ಎಲ್ಲವೂ 2022ರ ಬ್ಯಾಟರಿ ತ್ಯಾಜ್ಯ ನಿಯಮದ ಅಡಿ ಬರುತ್ತವೆ, ಹಸಿ ಕಸ ಒಣ ಕಸದ ಬುಟ್ಟಿಗೆ ಇವು ಹೋಗುವಂತಿಲ್ಲ.