ಎರಡು ಎಂಜಿನ್ ಇದ್ದೂ ದಡ ಸೇರದ ಸಂಜೆ

ಸಾಗರದಲ್ಲಿ ನನ್ನದು ಬ್ಯಾಟರಿ ಮತ್ತು ಆಟೋ ಎಲೆಕ್ಟ್ರಿಕಲ್ ಕೆಲಸ. ಹೆಚ್ಚಾಗಿ ಬರುವುದು ಜೀಪು, ಪಿಕಪ್, ಟ್ರ್ಯಾಕ್ಟರ್. ಮಳೆಗಾಲ ಶುರುವಾದರೆ ಇನ್ವರ್ಟರ್ ಬ್ಯಾಟರಿಗೆ ಗಿರಾಕಿ. ದೋಣಿಯ ಬ್ಯಾಟರಿ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತ ಹೇಳಬೇಕಿತ್ತು. ಹೇಳದೆ ಹಾಕಿಕೊಟ್ಟೆ.

ದೋಣಿ ಶರಾವತಿ ಹಿನ್ನೀರಿನದು. ಹಿಂದೆ ಎರಡು ಔಟ್‌ಬೋರ್ಡ್ ಎಂಜಿನ್. ಮನೆಮಂದಿ, ನೆಂಟರು ಅಂತ ಸಂಜೆ ಒಂದು ಸುತ್ತು ಹೋಗಿ ಬರುವಂಥದ್ದು. ಹಳೇ ಬ್ಯಾಟರಿ ಸತ್ತಿತ್ತು. ಯಜಮಾನರು ಅಂಗಡಿಗೆ ಬಂದು, "ಒಳ್ಳೇದು, ದೊಡ್ಡದು ಕೊಡಿ ಮಾರಾಯ್ರೆ" ಅಂದರು. ದೊಡ್ಡದು ಅಂದಾಗ ನನ್ನ ಕಣ್ಣಿಗೆ ಬಿದ್ದದ್ದು 150 ಆಂಪಿಯರ್ ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ, ಮನೆ ಇನ್ವರ್ಟರ್‌ಗೆ ಹಾಕುತ್ತೇವಲ್ಲ, ಅದೇ. ಎರಡೂ ಎಂಜಿನ್, ಲೈಟು, ಹಾಡಿನ ಪೆಟ್ಟಿಗೆ, ಎಲ್ಲದರ ವೈರನ್ನೂ ಅದಕ್ಕೇ ಕಟ್ಟಿದೆ.

ಮಾರ್ಚ್‌ನಲ್ಲಿ ಒಂದು ಸಂಜೆ ಅವರು ಮಕ್ಕಳನ್ನು ಕರೆದುಕೊಂಡು ಹೋಗಿ, ನಡುನೀರಿನಲ್ಲಿ ಎಂಜಿನ್ ಆಫ್ ಮಾಡಿ ಕೂತಿದ್ದಾರೆ. ಎರಡು ಮೂರು ಗಂಟೆ ಲೈಟು, ಹಾಡು. ಹೊರಡೋಣ ಅಂತ ಕೀ ತಿರುಗಿಸಿದರೆ ಎಡದ ಎಂಜಿನ್ ಟಕ್ ಟಕ್ ಅಂದಿತು, ಅಷ್ಟೇ. ಬಲದ್ದು ನಿಧಾನಕ್ಕೆ ತಿರುಗಿತು, ಹತ್ತಿಕೊಳ್ಳಲಿಲ್ಲ. ಅಷ್ಟು ದೊಡ್ಡ ಎಂಜಿನ್ ಹಗ್ಗ ಎಳೆದು ಸ್ಟಾರ್ಟ್ ಆಗುವಂಥದ್ದಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಸಮುದ್ರಮಟ್ಟದಿಂದ 1819 ಅಡಿಯ ಪೂರ್ತಿ ಮಟ್ಟಕ್ಕೆ ತುಂಬಿದಾಗ ಕಾಣದ ಹಳೇ ಮರದ ಬೊಡ್ಡೆಗಳು ಬೇಸಿಗೆಯಲ್ಲಿ ತಲೆ ಎತ್ತಿರುತ್ತವೆ. ಗಾಳಿಗೆ ದೋಣಿ ಆ ಕಡೆಗೇ ಸರಿಯುತ್ತಿತ್ತು. ಮೀನು ಹಿಡಿಯುವವರೊಬ್ಬರು ಕತ್ತಲಲ್ಲಿ ಹಗ್ಗ ಕಟ್ಟಿ ಎಳೆದು ತಂದರು.

ಮರುದಿನ ಬೆಳಿಗ್ಗೆ ಯಜಮಾನರು ಅಂಗಡಿಗೆ ಬಂದು ಕೂತರು. ಬೈಯಲಿಲ್ಲ. "ಮಕ್ಕಳಿದ್ದರು ಅದರಲ್ಲಿ" ಅಂದರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ಆ ಎಂಜಿನ್‌ನ ಮ್ಯಾನುಯಲ್ ತರಿಸಿಕೊಂಡು ಓದಿದೆ. ನಾನು ಕೇಳಬೇಕಿದ್ದ ಪ್ರಶ್ನೆ "ಎಷ್ಟು ದೊಡ್ಡದು?" ಅಂತಲ್ಲ, "ಯಾವ ಕೆಲಸಕ್ಕೆ?" ಅಂತ. ಎಂಜಿನ್ ಎಬ್ಬಿಸಲು ಕೆಲವೇ ಸೆಕೆಂಡ್ ಭಾರೀ ಕರೆಂಟ್ ಬೇಕು. ಅದಕ್ಕೆ ಸ್ಟಾರ್ಟಿಂಗ್ ಬ್ಯಾಟರಿಯಲ್ಲಿ ತೆಳುವಾದ ಪ್ಲೇಟು ಜಾಸ್ತಿ ಇರುತ್ತವೆ. ಲೈಟು, ಹಾಡು, ಆಳ ನೋಡುವ ಮೀಟರ್ ಇವಕ್ಕೆ ಸ್ವಲ್ಪ ಸ್ವಲ್ಪ ಕರೆಂಟ್ ಗಂಟೆಗಟ್ಟಲೆ ಬೇಕು. ಅದು ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿಯ ಕೆಲಸ. ಟ್ಯೂಬ್ಯುಲರ್ ಕೂಡ ಆ ಜಾತಿಯದೇ. ಆಂಪಿಯರ್ ಅವರ್ ಅನ್ನುವುದು ಕೊಡದಲ್ಲಿ ಎಷ್ಟು ನೀರಿದೆ ಅನ್ನುವ ಲೆಕ್ಕ. ಒಂದೇ ಸಲಕ್ಕೆ ಎಷ್ಟು ಸುರಿಯಬಹುದು ಅನ್ನುವುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳುವುದು ಸಿಸಿಎ, ಅಂದರೆ ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಮೈನಸ್ 18 ಡಿಗ್ರಿ ಚಳಿಯಲ್ಲಿ 30 ಸೆಕೆಂಡ್ ಕಾಲ, ವೋಲ್ಟೇಜ್ 7.2ಕ್ಕಿಂತ ಕೆಳಗೆ ಇಳಿಯದಂತೆ ಬ್ಯಾಟರಿ ಎಷ್ಟು ಆಂಪಿಯರ್ ಕೊಡುತ್ತದೆ ಅನ್ನುವ ಅಳತೆ. "ಸಾಗರದಲ್ಲಿ ಮೈನಸ್ 18 ಎಲ್ಲಿ ಬರುತ್ತೆ?" ಅಂತ ಯಜಮಾನರು ಕೇಳಿದರು. ಬರುವುದಿಲ್ಲ, ಆದರೆ ಎಲ್ಲರನ್ನೂ ಅಳೆಯುವ ಕೋಲು ಒಂದೇ ಇರಬೇಕಲ್ವಾ? ಎಂಜಿನ್ ಮ್ಯಾನುಯಲ್‌ನಲ್ಲಿ ಕನಿಷ್ಠ ಎಷ್ಟು ಬೇಕು ಅಂತ ಬರೆದಿರುತ್ತದೆ. ದೋಣಿ ಬ್ಯಾಟರಿಗಳ ಮೇಲೆ ಎಂಸಿಎ, ಅಂದರೆ ಮರೈನ್ ಕ್ರ್ಯಾಂಕಿಂಗ್ ಆಂಪ್ಸ್ ಅಂತಲೂ ಒಂದು ಅಂಕಿ ಇರುತ್ತದೆ. ಅದನ್ನು ಅಳೆಯುವುದು 0 ಡಿಗ್ರಿಯಲ್ಲಿ, ಹಾಗಾಗಿ ಅದೇ ಬ್ಯಾಟರಿಗೆ ಅಂಕಿ ದೊಡ್ಡದಾಗಿ ಕಾಣುತ್ತದೆ. ಒಂದರ ಸಿಸಿಎಗೆ ಇನ್ನೊಂದರ ಎಂಸಿಎ ಹೋಲಿಸಿ ಕೊಂಡರೆ ಮೋಸ ಹೋಗುತ್ತೇವೆ.

ಬಲದ ಎಂಜಿನ್ ತಿರುಗಿಯೂ ಹತ್ತದಿದ್ದಕ್ಕೆ ಕಾರಣ ಆಮೇಲೆ ಹೊಳೆಯಿತು. ಅದು ಫ್ಯೂಯಲ್ ಇಂಜೆಕ್ಷನ್ ಎಂಜಿನ್, ಅಂದರೆ ಪೆಟ್ರೋಲ್ ಎಷ್ಟು ಚಿಮ್ಮಿಸಬೇಕು ಅಂತ ಕಂಪ್ಯೂಟರ್ ತೀರ್ಮಾನಿಸುವಂಥದ್ದು. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ ತೀರಾ ಕುಸಿದರೆ ಅದರ ಕಂಪ್ಯೂಟರ್ ಕೆಲಸ ಮಾಡುವುದಿಲ್ಲ.

ನನ್ನ ಇನ್ನೂ ದೊಡ್ಡ ತಪ್ಪು ಎರಡು ಎಂಜಿನ್ನನ್ನು ಒಂದೇ ಬ್ಯಾಟರಿಗೆ ಕಟ್ಟಿದ್ದು. ಒಂದು ಕೆಟ್ಟರೆ ಇನ್ನೊಂದು ಮನೆ ಸೇರಿಸಲಿ ಅಂತ ತಾನೇ ಎರಡು ಎಂಜಿನ್ ಇಡುವುದು? ನಾನು ಆ ಧೈರ್ಯವನ್ನೇ ಕಿತ್ತಿದ್ದೆ. ಈ ಸಲ ಎಡಕ್ಕೊಂದು, ಬಲಕ್ಕೊಂದು ಸ್ಟಾರ್ಟಿಂಗ್ ಬ್ಯಾಟರಿ, ಎರಡೂ ಒಂದೇ ಜಾತಿ, ಒಂದೇ ತಿಂಗಳಲ್ಲಿ ತಯಾರಾದವು. ಲೈಟು, ಹಾಡಿಗೆ ಮೂರನೆಯದು. ನಡುವೆ ವೋಲ್ಟೇಜ್ ನೋಡಿ ಕೂಡುವ, ಬಿಡುವ ರಿಲೇ. ಎಂಜಿನ್ ಓಡಿ ವೋಲ್ಟೇಜ್ ಸುಮಾರು 13.3 ದಾಟಿದರೆ ಮೂರನೆಯದಕ್ಕೂ ಚಾರ್ಜ್ ಹೋಗುತ್ತದೆ. ಎಂಜಿನ್ ನಿಂತು ಅದು 12.8ರ ಹತ್ತಿರ ಇಳಿದರೆ ತಾನಾಗಿ ಬಿಡುತ್ತದೆ. ಹಾಡು ಎಷ್ಟು ಹೊತ್ತು ಬೇಕಾದರೂ ಹಾಡಲಿ, ಸ್ಟಾರ್ಟಿಂಗ್ ಬ್ಯಾಟರಿ ಮುಟ್ಟುವುದಿಲ್ಲ. ತುರ್ತಿಗೆ ಎಲ್ಲವನ್ನೂ ಸೇರಿಸುವ ಸ್ವಿಚ್ ಕೂಡ ಇದೆ. ಎಂಜಿನ್ ಓಡುವಾಗ ಮಾತ್ರ ಎಂಜಿನ್‌ನಿಂದ ಬ್ಯಾಟರಿಯೇ ಕಡಿದುಹೋಗುವಂತೆ ಸ್ವಿಚ್ಚನ್ನು ಆಫ್‌ಗೆ ತರಬಾರದು, ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಸುಟ್ಟುಹೋಗಬಹುದು.

ಯಜಮಾನರಿಗೆ ಲಿಥಿಯಂ ಮೇಲೆ ಆಸೆ ಇತ್ತು, ಹಗುರ ಅಂತ. ನಾನು ಬೇಡ ಅಂದೆ. ಅದರೊಳಗಿನ ರಕ್ಷಣಾ ಸರ್ಕ್ಯೂಟ್ ಓಡುವ ಎಂಜಿನ್‌ನಿಂದ ಫಕ್ಕನೆ ಬ್ಯಾಟರಿ ಕಡಿದುಬಿಟ್ಟರೆ ಅದೇ ರೆಗ್ಯುಲೇಟರ್‌ಗೆ ಏಟು. ಎಂಜಿನ್ ತಯಾರಕರು ಒಪ್ಪಿದ್ದರೆ ಮಾತ್ರ ಅದು ಸರಿ. ಕೊನೆಗೆ ಎಜಿಎಂ ಹಾಕಿದೆವು, ಅಂದರೆ ಗಾಜಿನ ನೂಲಿನ ಹಾಳೆಯಲ್ಲಿ ಆಸಿಡ್ ಹೀರಿಸಿಟ್ಟ ಮುಚ್ಚಿದ ಬ್ಯಾಟರಿ. ನೀರು ಹಾಕುವ ಕೆಲಸವಿಲ್ಲ, ಅಲುಗಾಟ ತಾಳಿಕೊಳ್ಳುತ್ತದೆ, ಆಸಿಡ್ ಚೆಲ್ಲುವುದಿಲ್ಲ. ರೆಗ್ಯುಲೇಟರ್ ಇಲ್ಲದ ಹಳೇ ಎಂಜಿನ್ ಆಗಿದ್ದರೆ ನೀರು ಹಾಕುವ ಬ್ಯಾಟರಿಯನ್ನೇ ಕೊಡುತ್ತಿದ್ದೆ. ಜಾಸ್ತಿ ವೋಲ್ಟೇಜ್‌ನಲ್ಲಿ ಎಜಿಎಂ ಒಣಗಿ ಹಾಳಾಗುತ್ತದೆ.

ಹೊಸದು ಕೂರಿಸುವ ಮೊದಲು ಹಳೇ ಕೇಬಲ್ ಪರೀಕ್ಷೆ ಮಾಡಿದ್ದು ಒಳ್ಳೆಯದಾಯಿತು. ಮಲ್ಟಿಮೀಟರ್‌ನ ಒಂದು ಮುಳ್ಳನ್ನು ಬ್ಯಾಟರಿಯ ಕಂಬಕ್ಕೆ, ಇನ್ನೊಂದನ್ನು ಅದೇ ಕೇಬಲ್‌ನ ಎಂಜಿನ್ ಕಡೆಯ ತುದಿಗೆ ಇಟ್ಟು ಸೆಲ್ಫ್ ಹೊಡೆಸಿದೆ. ಎಡಗಡೆ 0.9 ವೋಲ್ಟ್ ತೋರಿಸಿತು. ಅಷ್ಟೂ ದಾರಿಯಲ್ಲೇ ಸೋರಿಹೋಗುತ್ತಿತ್ತು. ಕೇಬಲ್ ತುದಿಯ ಲಗ್ ಮೇಲಿನ ಟೇಪ್ ಬಿಚ್ಚಿದರೆ ಒಳಗೆ ತಾಮ್ರ ಹಸಿರು ಪುಡಿಯಾಗಿತ್ತು, ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಕೈಯಲ್ಲಿ ತಿರುಗಿಸುವ ರೆಕ್ಕೆ ನಟ್ಟು ಅರ್ಧ ಸುತ್ತು ಸಡಿಲ. ಕಲಾಯಿ ಹಾಕಿದ ತಾಮ್ರದ ಕೇಬಲ್ ತರಿಸಿ, ನೈಲಾನ್ ಲಾಕ್ ನಟ್ಟು ಹಾಕಿ ಸ್ಪ್ಯಾನರ್‌ನಲ್ಲಿ ಬಿಗಿ ಮಾಡಿದೆ. ಬ್ಯಾಟರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಪಟ್ಟಿ ಬಿಗಿದೆ.

ಇನ್ನೊಂದು ಮಾತು ಮಲೆನಾಡಿನವರಿಗೇ. ಜೂನ್‌ನಲ್ಲಿ ದೋಣಿ ಮೇಲಕ್ಕೆಳೆದರೆ ಮತ್ತೆ ಇಳಿಸುವುದು ಅಕ್ಟೋಬರ್‌ಗೆ. ಅಷ್ಟು ದಿನ ಬ್ಯಾಟರಿ ಸುಮ್ನೆ ಬಿಟ್ಟರೆ ತಾನಾಗಿ ಇಳಿಯುತ್ತದೆ, ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ನಮ್ಮಲ್ಲಿ ಎಷ್ಟೋ ಬ್ಯಾಟರಿ ಓಡಿ ಸಾಯುವುದಿಲ್ಲ, ಕೊಟ್ಟಿಗೆಯಲ್ಲಿ ಕೂತು ಸಾಯುತ್ತವೆ. ಪೂರ್ತಿ ಚಾರ್ಜ್ ಮಾಡಿ, ವೈರ್ ಬಿಚ್ಚಿ, ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಅಳೆದು, 12.4ರ ಹತ್ತಿರ ಬಂದರೆ ಮತ್ತೆ ಚಾರ್ಜ್‌ಗೆ ಹಾಕಿ.

ಕೆಲಸ ಮುಗಿದ ದಿನ ನಾನೂ ದೋಣಿಯಲ್ಲಿ ಹೋದೆ. ಅದೇ ನಡುನೀರು, ಎಂಜಿನ್ ಆಫ್, ಲೈಟು, ಹಾಡು. ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಅಳೆದೆ. ಮೂರನೆಯದು 12.4. ಎಡದ್ದು 12.8, ಬಲದ್ದು 12.8. ಯಜಮಾನರ ಚಿಕ್ಕ ಮಗಳು ಕೀ ತಿರುಗಿಸಿದಳು.