ಹನ್ನೆರಡರಲ್ಲಿ ಐದು ಪಾಲು

7 ಏಪ್ರಿಲ್ 2024, ಭಾನುವಾರ

ಎಲ್ಲರೂ ಕೂಡಿ ದುಡಿದು ಬಾಳುವ ಆದರ್ಶ ಸಮುದಾಯದ ಕನಸು ಕಂಡ ಚಿಂತಕ ಶಾರ್ಲ್ ಫೂರಿಯೆ ಹುಟ್ಟಿದ್ದು 1772ರ ಇದೇ ದಿನ, ಫ್ರಾನ್ಸಿನ ಬೆಸಾನ್ಸೋನ್‌ನಲ್ಲಿ. ವ್ಯಾಪಾರಿಗಳ ಬಳಿ ಗುಮಾಸ್ತನಾಗಿದ್ದವನು, ಹಾಗಾಗಿ ಅವನ ಕನಸಿಗೂ ಲೆಕ್ಕದ ಪುಸ್ತಕದ ವಾಸನೆ. ಮನುಷ್ಯ ಸ್ವಭಾವಗಳು 810 ಬಗೆ; ಗಂಡೊಂದು ಹೆಣ್ಣೊಂದು ಎಂದರೆ ಒಂದು ಸಮುದಾಯಕ್ಕೆ 1620 ಜನ. ಎಲ್ಲರಿಗೂ ಒಂದೇ ದೊಡ್ಡ ಕಟ್ಟಡ, ಅದೇ ಫಲಾನ್‌ಸ್ತೇರ್. ಬೇಸರ ಬಾರದಂತೆ ಒಂದೂವರೆ ಎರಡು ಗಂಟೆಗೊಮ್ಮೆ ಕೆಲಸ ಬದಲು. ಗಲೀಜಿನಲ್ಲಿ ಆಡುವುದೆಂದರೆ ಹಿಗ್ಗುವ ಮಕ್ಕಳಿಗೆ ಸಗಣಿ, ಕಸ ಎತ್ತುವ ಪಾಳಿ. ಲಾಭವನ್ನು ಹನ್ನೆರಡು ಭಾಗ ಮಾಡಿ ದುಡಿಮೆಗೆ 5, ಬಂಡವಾಳಕ್ಕೆ 4, ಪ್ರತಿಭೆಗೆ 3. ಖಾಸಗಿ ಆಸ್ತಿಯನ್ನು ಅವನು ತೆಗೆದುಹಾಕಲಿಲ್ಲ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಅವನು ಸ್ವಭಾವಗಳನ್ನು ಎಣಿಸಿದ, ಕಸುಬುಗಳನ್ನು ಎಣಿಸಲಿಲ್ಲ. ಎಡವಟ್ಟು ಅಲ್ಲೇ. 1855ರಲ್ಲಿ ಶಿಷ್ಯ ವಿಕ್ತೋರ್ ಕಾನ್ಸಿದೆರಾನ್ ಟೆಕ್ಸಾಸ್‌ನ ಡಲ್ಲಾಸ್ ಪಕ್ಕದಲ್ಲಿ ಲಾ ರೆಯೂನಿಯೋನ್ ಎಂಬ ಅಂಥದೇ ಸಮುದಾಯ ಕಟ್ಟಿದಾಗ ಬಂದವರಲ್ಲಿ ಕುಶಲಕರ್ಮಿಗಳಿದ್ದರು, ಆ ಮಣ್ಣಲ್ಲಿ ಬೆಳೆ ತೆಗೆಯಬಲ್ಲವರು ತೀರಾ ಕಡಿಮೆ. ಕೆಲವೇ ವರ್ಷದಲ್ಲಿ ಮುಗಿಯಿತು. ಬಾಸ್ಟನ್ ಹತ್ತಿರದ ಇನ್ನೊಂದು ಸಮುದಾಯ ಬ್ರೂಕ್ ಫಾರ್ಮ್‌ನದು ಇನ್ನೊಂದು ಬಗೆ: 1844ರಲ್ಲಿ ಫೂರಿಯೆ ದಾರಿ ಹಿಡಿದು, ಹೊಲ ಬಡಕಲಾಗಿದ್ದಾಗಲೇ ಮರದ ಫಲಾನ್‌ಸ್ತೇರ್ ಎಬ್ಬಿಸಲು ಹೊರಟರು. 1846ರ ಮಾರ್ಚ್ 3ರಂದು, ಪೂರ್ತಿಯಾಗುವ ಮೊದಲೇ ಅದು ಸುಟ್ಟುಹೋಯಿತು. ವಿಮೆ ಇರಲಿಲ್ಲ! ಆದಾಯ ಹುಟ್ಟುವ ಮುನ್ನ ಅರಮನೆಗೆ ದುಡ್ಡು ಸುರಿದದ್ದೇ ನನ್ನ ಪ್ರಕಾರ ದೊಡ್ಡ ತಪ್ಪು, ಬೆಂಕಿ ನೆಪ ಮಾತ್ರ.

ಟೆಕ್ಸಾಸ್‌ನಲ್ಲಿ ಹಣ ಕಳೆದುಕೊಂಡವರಲ್ಲಿ ಎರಕದ ಕಬ್ಬಿಣದ ಒಲೆ ತಯಾರಿಸುತ್ತಿದ್ದ ಗೋದಾನ್ ಒಬ್ಬ. ಅವನು ಕ್ರಮವನ್ನೇ ತಿರುಗಿಸಿದ: ಮೊದಲು ಕಾರ್ಖಾನೆ, ಆಮೇಲೆ ಮನೆ. ಉತ್ತರ ಫ್ರಾನ್ಸಿನ ಗೀಜ್‌ನಲ್ಲಿ 1859ರಿಂದ ಕಾರ್ಮಿಕರ ವಸತಿ ಕಟ್ಟಡ ಫಾಮಿಲಿಸ್ತೇರ್ ಎದ್ದಿತು. ಗಾಜಿನ ಮಾಡಿನ ಒಳಾಂಗಣ, ಸುತ್ತ ಮೊಗಸಾಲೆ, ಮಹಡಿ ಮಹಡಿಗೂ ನೀರು, ಕಸ ಕೆಳಗೆ ಬೀಳಲು ಕೊಳವೆ. ಜೊತೆಗೆ ಶಾಲೆ, ರಂಗಮಂದಿರ, ಬಟ್ಟೆ ಒಗೆಯುವ ಮನೆ.

1880ರಲ್ಲಿ ಗೋದಾನ್ ಕಟ್ಟಿದ ಕಾರ್ಖಾನೆಯ ಸಂಘದ ನಿಯಮದಲ್ಲಿ ಫೂರಿಯೆಯ 5:4 ಕೂಡ ಹೋಯಿತು. ದುಡಿಮೆಯ ತೂಕ ಎಂದರೆ ವರ್ಷದ ಒಟ್ಟು ಕೂಲಿ. ಬಂಡವಾಳದ ತೂಕ ಎಂದರೆ ಅದರ ವರ್ಷದ ಬಡ್ಡಿ ಮಾತ್ರ, ಅಸಲು ಲೆಕ್ಕಕ್ಕಿಲ್ಲ. ಉದಾಹರಣೆಗೆ ಕೂಲಿ 10 ಲಕ್ಷ ಫ್ರಾಂಕ್, ಬಂಡವಾಳ 20 ಲಕ್ಷ, ಬಡ್ಡಿ ಶೇ. 5 ಎಂದಿಟ್ಟುಕೊಳ್ಳಿ. ಬಡ್ಡಿ 1 ಲಕ್ಷ. ದುಡಿಮೆ, ಬಂಡವಾಳಗಳ ನಡುವೆ ಹಂಚುವ ಲಾಭ 10:1. ಕಾರ್ಮಿಕರ ಪಾಲನ್ನು ನಗದಾಗಿ ಕೊಡದೆ ಷೇರುಪತ್ರವಾಗಿ ಕೊಟ್ಟದ್ದರಿಂದ ದುಡ್ಡು ಕಾರ್ಖಾನೆಯಲ್ಲೇ ಉಳಿಯಿತು, ಒಡೆತನ ಮೆಲ್ಲಗೆ ಕೈಬದಲಾಯಿತು. ಚೊಕ್ಕ ಉಪಾಯ.

ತೊಡಕು ಬಂದದ್ದು ಸದಸ್ಯತ್ವದ ಮೆಟ್ಟಿಲುಗಳಲ್ಲಿ. ಮೇಲಿನ ದರ್ಜೆಯವರಿಗೆ ಎರಡು ಪಾಲು, ನಡುವಿನವರಿಗೆ ಒಂದೂವರೆ, ಕೆಳಗಿನವರಿಗೆ ಒಂದು. ಮೇಲೇರಬೇಕಾದರೆ ಆ ಕಟ್ಟಡದಲ್ಲೇ ವಾಸವಿರಬೇಕು. ಮನೆಗಳೋ ಸುಮಾರು 500. ಕಾರ್ಖಾನೆ ಬೆಳೆದಂತೆ ಹೊರಗಿನಿಂದ ಬಂದು ದುಡಿಯುವವರು ಹೆಚ್ಚಿದರು, ಒಳಗಿನ ಮನೆಗಳು ಅದೇ ಕುಟುಂಬಗಳಲ್ಲಿ ಉಳಿದವು. 1888ರಲ್ಲಿ ಗೋದಾನ್ ತೀರಿಕೊಂಡ ಮೇಲೂ ಸಂಘ 80 ವರ್ಷ ಬಾಳಿ, 1968ರಲ್ಲಿ ಮಾಮೂಲಿ ಕಂಪನಿಯಾಯಿತು.