ಸಕ್ಕರೆ ಬಿಟ್ಟರೂ ಶುಗರ್ ಯಾಕೆ ಇಳಿಯಲಿಲ್ಲ?

“ಕಾಫಿಗೆ ಸಕ್ಕರೆ ಹಾಕಿಕೊಳ್ಳಲ್ಲ, ಸ್ವೀಟ್ ಮುಟ್ಟಲ್ಲ. ಆದ್ರೂ ಊಟ ಆದ ಮೇಲಿನ ಶುಗರ್ ಇಳಿದಿಲ್ವಲ್ಲ ಮೇಡಂ, ಯಾಕೆ?” ಆಹಾರ ಸಲಹೆ ಕೊಡುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಬೆಳಿಗ್ಗೆ ತಿಂಡಿ ಏನು ಅಂತ ತಿರುಗಿ ಕೇಳುತ್ತೇನೆ. ನಾಲ್ಕು ಇಡ್ಲಿ, ಇಲ್ಲವೇ ತಟ್ಟೆ ತುಂಬ ಚಿತ್ರಾನ್ನ ಅನ್ನುತ್ತಾರೆ.

ಅಲ್ಲೇ ಇದೆ ಉತ್ತರ. ಅಕ್ಕಿಯ ಪಿಷ್ಟ ಅಂದರೆ ಗ್ಲೂಕೋಸ್ ಕಣಗಳದೇ ಉದ್ದನೆಯ ಸರಪಳಿ. ಸರಪಳಿಯಾಗಿರುವಷ್ಟು ಹೊತ್ತು ನಾಲಿಗೆಗೆ ಅದರ ಸಿಹಿ ತಿಳಿಯುವುದಿಲ್ಲ. ಬರೀ ಅನ್ನದ ಒಂದು ತುತ್ತನ್ನು ನುಂಗದೆ ಅಗಿಯುತ್ತಾ ಇರಿ, ಸ್ವಲ್ಪ ಹೊತ್ತಿಗೆ ಸಣ್ಣಗೆ ಸಿಹಿ ಹತ್ತುತ್ತದೆ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಸರಪಳಿಯನ್ನು ಕತ್ತರಿಸಲು ಶುರುಮಾಡಿದ ಗುರುತು ಅದು. ಮಿಕ್ಕ ಕೆಲಸವೆಲ್ಲ ಸಣ್ಣ ಕರುಳಿನಲ್ಲಿ ಮುಗಿದು, ರಕ್ತಕ್ಕೆ ಗ್ಲೂಕೋಸ್ ಸೇರುತ್ತದೆ.

ಸಕ್ಕರೆಯಲ್ಲಾದರೆ ಅರ್ಧ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್ ಎಂಬ ಬೇರೆ ಸಿಹಿ. ಗ್ಲೂಕೋಮೀಟರ್‌ಗೆ ಕಾಣುವುದು ಗ್ಲೂಕೋಸ್ ಮಾತ್ರ. 1981ರಲ್ಲಿ ಟೊರೊಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ತಂದ ಗ್ಲೈಸೆಮಿಕ್ ಇಂಡೆಕ್ಸ್ (ತಿಂದದ್ದು ರಕ್ತದ ಗ್ಲೂಕೋಸನ್ನು ಎಷ್ಟು ಏರಿಸುತ್ತದೆ ಎಂಬ ಅಳತೆ) ಲೆಕ್ಕದಲ್ಲಿ ಗ್ಲೂಕೋಸಿಗೆ 100 ಅಂದರೆ, ಸಕ್ಕರೆ ಸುಮಾರು 65ಕ್ಕೆ ನಿಲ್ಲುತ್ತದೆ. ಒಂಚೂರೂ ಸಿಹಿಯಿಲ್ಲದ ಬಿಳಿ ಬ್ರೆಡ್ 75ರ ಆಸುಪಾಸು!

ಇದನ್ನು ಕೇಳಿದ ಕೂಡಲೇ ಕೆಲವರ ಮುಖ ಅರಳುತ್ತದೆ. ಮೈಸೂರು ಪಾಕಿಗೆ ನಾನು ಪರ್ಮಿಷನ್ ಕೊಟ್ಟಿಲ್ಲ. ಫ್ರಕ್ಟೋಸಿನ ಬಹುಪಾಲನ್ನು ಯಕೃತ್ತೇ ಸಂಭಾಳಿಸಬೇಕು. ಅತಿಯಾದರೆ ಅದು ಅಲ್ಲೇ ಕೊಬ್ಬಾಗುತ್ತದೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತದೆ. ಬೆಲ್ಲವೂ ಹೆಚ್ಚುಕಮ್ಮಿ ಸಕ್ಕರೆಯೇ.

ಹಾಗಂತ ಪಿಷ್ಟವೆಲ್ಲ ಒಂದೇ ಥರ ಅಲ್ಲ. ಸಂಜೆಗೆ ಲೈಟಾಗಿರಲಿ ಎಂದು ಮಂಡಕ್ಕಿ ತಿನ್ನುತ್ತಾರಲ್ಲ, ಅದು ಹೊಟ್ಟೆಗೆ ಹಗುರ, ಶುಗರಿಗಲ್ಲ. ಬಿಸಿಗೆ ಉಬ್ಬಿ ಸಡಿಲವಾದ ಆ ಕಾಳಿನೊಳಗೆ ಕಿಣ್ವಗಳು ಸಲೀಸಾಗಿ ನುಗ್ಗುತ್ತವೆ. ಕಡಲೆಕಾಳಿನ ಉಸಲಿಯಲ್ಲೂ ಪಿಷ್ಟವೇ ಇರುವುದು. ಆದರೆ ಗಟ್ಟಿ ಜೀವಕೋಶದ ಗೋಡೆ, ನಾರು, ಪ್ರೋಟೀನ್ ಅಡ್ಡ ಇರುವುದರಿಂದ ಗ್ಲೂಕೋಸ್ ನಿಧಾನವಾಗಿ ಇಳಿದುಬರುತ್ತದೆ. ಬೆಂದ ಅನ್ನ ಆರಿ ತಣ್ಣಗಾದರೆ ಪಿಷ್ಟದ ಒಂದು ಪಾಲು ಮತ್ತೆ ಬಿಗಿದುಕೊಂಡು, ಸಣ್ಣ ಕರುಳಿನಲ್ಲಿ ಕರಗದೆ ಮುಂದಕ್ಕೆ ಹೋಗುತ್ತದೆ. ತಂಗಳನ್ನಕ್ಕೆ ಅಷ್ಟು ಮಟ್ಟಿನ ಲಾಭ ಉಂಟು. ಅದಕ್ಕೇ ಎರಡು ತಟ್ಟೆ ಉಣ್ಣುವುದಲ್ಲ.

“ಹಂಗಾದ್ರೆ ಮುದ್ದೆ?” ಇದು ಮುಂದಿನ ಪ್ರಶ್ನೆ. ಪಾಲಿಶ್ ಮಾಡಿದ ಅಕ್ಕಿಗಿಂತ ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶವೂ ಹೆಚ್ಚು. ಆದರೆ ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟೂ ಪಿಷ್ಟವೇ. ಅಗಿಯದೆ ನುಂಗಿದರೆ ಎಂಜಲಿನ ಕೆಲಸ ತಪ್ಪೀತು, ಒಳಗೆ ಪ್ಯಾಂಕ್ರಿಯಾಸಿನ ಅಮೈಲೇಸ್ ಕಾದೇ ಇರುತ್ತದೆ. ಮೊಳಕೆ ಹೆಸರುಕಾಳಿನ ಸಾರು ಧಾರಾಳವಾಗಿರಲಿ, ಮುದ್ದೆ ಒಂದೇ ಸಾಕು. ಊಟ ಶುರುಮಾಡಿದ ಎರಡು ಗಂಟೆಗೆ ಶುಗರ್ ನೋಡಿ ಬರೆದಿಡಿ, ಇನ್ನೊಂದು ದಿನ ಬರೀ ಅನ್ನ–ತಿಳಿಸಾರು ಉಂಡು ನೋಡಿ. ಮಾತ್ರೆ, ಇನ್ಸುಲಿನ್ ಮಾತ್ರ ಡಾಕ್ಟರನ್ನು ಕೇಳದೆ ಏರಿಳಿಸಬೇಡಿ.